ಸಸ್ಯದೀಪದ ಕೆಂಪು ಬೆಳಕೂ ಅದನ್ನು ಕುಂದಿಸುವ ಕಾವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮ ಯಜಮಾನರ ಹಾಗೂ ಹಿಡುವಳಿದಾರರ ಅವಗಾಹನೆಗೆ

ಮೈಸೂರು ನಗರಕ್ಕೆ ಪಶ್ಚಿಮ ದಿಕ್ಕಿನಲ್ಲಿ ಹಬ್ಬಿಕೊಂಡಿರುವ ಈ ನಾಲ್ಕು ತಾಲ್ಲೂಕುಗಳ ಬೇಸಾಯವು ಬಹುಕಾಲದಿಂದ ಹೊಗೆಸೊಪ್ಪು, ಭತ್ತ, ರಾಗಿ, ಮುಸುಕಿನ ಜೋಳ, ಹತ್ತಿ, ಶುಂಠಿ ಮೊದಲಾದ ಬೆಳೆಗಳನ್ನು ಆಶ್ರಯಿಸಿಕೊಂಡು ಬಂದಿದೆ. ಇವುಗಳಲ್ಲಿ ಹೊಗೆಸೊಪ್ಪಿನ ಬೆಳೆಯ ಪ್ರಮಾಣವನ್ನು ತಂಬಾಕು ಮಂಡಳಿಯವರು ವರ್ಷವರ್ಷವೂ ಗೊತ್ತುಪಡಿಸುತ್ತಾರೆ. ಭಾರತವೂ ಸೇರಿದಂತೆ ಅನೇಕ ರಾಷ್ಟ್ರಗಳು ಅಂಗೀಕರಿಸಿರುವ ತಂಬಾಕು ನಿಯಂತ್ರಣದ ಒಡಂಬಡಿಕೆಯು ೨೦೦೫ರಿಂದ ಜಾರಿಯಲ್ಲಿದೆ. ಬ್ಯಾರನ್‌ಗಳಿಗೆ ಬೇಕಾದ ಸೌದೆಯು ವರ್ಷೇ ವರ್ಷೇ ದುರ್ಲಭವಾಗುತ್ತಿದೆ. ಈ ಕಾರಣಗಳಿಂದ ದೂರದೃಷ್ಟಿಯುಳ್ಳ ರೈತರು ಹೂವಿನ ಬೇಸಾಯ, ತರಕಾರಿ ಸಸಿಗಳ ನರ್ಸರಿ, ಅಂಗಾಂಶ ಕೃಷಿಯ ಬಾಳೆ ಮತ್ತು ಶುಂಠಿ ಸಸಿಗಳ ತಯಾರಿಕೆ ಮುಂತಾದ ಬೇರೆ ಉದ್ಯೋಗಗಳ ಕಡೆಗೆ ಕಣ್ಣಿಡುತ್ತಿರುವುದು ಸಂತೋಷದ ವಿಷಯವಾಗಿದೆ.

ಇಂತಹ ಉದ್ಯೋಗಗಳೊಡನೆ ಒಂದು ಹೊಸ ಉಪಕರಣವೂ ಹಳ್ಳಿಗಳನ್ನು ಪ್ರವೇಶಿಸುತ್ತಿದೆ. ಅದೇ ಸಸ್ಯಗಳ ಬೆಳವಣಿಗೆಗಾಗಿ ಕೆಂಪು ಬೆಳಕನ್ನು ಬೀರುವ ಎಲ್.ಇ.ಡಿ. ದೀಪ. ಇದನ್ನು ಮಾರುವವರು ದೀಪದ ಹೊಳಪನ್ನು ಹೊಗಳುವರೇ ಹೊರತು, ಅದು ಕಾದ ಮೇಲೆ ಕೆಂಪು ಬೆಳಕು ಎಷ್ಟು ಉಳಿಯುವುದೆಂಬುದನ್ನು ಹೇಳುವವರು ವಿರಳ. ಆದರೆ ಸಸ್ಯಕ್ಕೆ ಉಪಯೋಗವಾಗತಕ್ಕದ್ದು ಕಾದ ದೀಪದ ಕೆಂಪೇ. ಆದುದರಿಂದ ಈ ದೀಪಗಳನ್ನು ಕೊಳ್ಳುವವರು ಬಿಸಿಯಲ್ಲಿ ಕೆಂಪು ನಿಲ್ಲುವ ಗುಣವನ್ನೇ ಮೊದಲನೆಯ ಗುಣವೆಂದು ಎಣಿಸಿ, ಅದನ್ನು ತಾವೇ ಪರೀಕ್ಷಿಸಿ ನೋಡಿದ ಹೊರತು ಹಣ ಕೊಡಕೂಡದೆಂಬುದು ಈ ಲೇಖನದ ಅಭಿಪ್ರಾಯ. ಅದರ ಕಾರಣಗಳನ್ನು ಮುಂದೆ ಒಂದೊಂದಾಗಿ ವಿವರಿಸಲಾಗುವುದು.

ಸಸ್ಯಕ್ಕೆ ಕೆಂಪು ಬೆಳಕು ಏತಕ್ಕೆ?

ಸೂರ್ಯನ ಬಿಳಿಯ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಅಡಗಿವೆ. ಎಲೆಯ ಹಸಿರು ದ್ರವ್ಯವು ಅವುಗಳಲ್ಲಿ ಮುಖ್ಯವಾಗಿ ನೀಲಿಯನ್ನೂ ಕೆಂಪನ್ನೂ ಹೀರಿಕೊಂಡು ಆಹಾರವನ್ನು ತಯಾರಿಸುತ್ತದೆ. ನೂಲಿಗೆ ಕೌಂಟ್ ಇರುವಂತೆ ಬೆಳಕಿನ ಬಣ್ಣಕ್ಕೆ ನ್ಯಾನೋಮೀಟರೆಂಬ ಅಳತೆಯುಂಟು. ಆ ಅಳತೆಯಲ್ಲಿ ಎಲೆಗೆ ಬಹಳ ಹಿತವಾದ ಕೆಂಪು ೬೪೦ರಿಂದ ೬೬೦ರ ಆಸುಪಾಸಿನಲ್ಲಿದೆ.

ಆಹಾರವಲ್ಲದೆ ಮತ್ತೊಂದು ಕಾರ್ಯಕ್ಕೂ ಸಸ್ಯವು ಕೆಂಪು ಬೆಳಕನ್ನು ಆಶ್ರಯಿಸಿದೆ. ಹೂವು ಬಿಡುವ ಕಾಲವನ್ನು ಅನೇಕ ಸಸ್ಯಗಳು ಹಗಲು ರಾತ್ರಿಗಳ ಉದ್ದದಿಂದ ತಿಳಿದುಕೊಳ್ಳುತ್ತವೆ. ಈ ಸತ್ಯವು ಹೊಗೆಸೊಪ್ಪಿನ ಗಿಡದಿಂದಲೇ ಬೆಳಕಿಗೆ ಬಂದಿತೆಂಬುದನ್ನು ನಮ್ಮ ಸೀಮೆಯವರು ಕುತೂಹಲದಿಂದ ಕೇಳಬಹುದು. ಅಮೆರಿಕಾ ದೇಶದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿದ್ವಾಂಸರು ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿಯು ಬೇಸಗೆಯಲ್ಲಿ ಹತ್ತು ಅಡಿಗೂ ಮೀರಿ ಎಲೆ ಬಿಡುತ್ತ ಹೋಗಿ ಹೂವನ್ನೇ ತಾಳದಿರುವುದನ್ನು ಕಂಡರು. ಅವರು ಗಿಡಗಳನ್ನು ದಿನದ ಕೆಲವು ಗಂಟೆಗಳ ಕಾಲ ಕತ್ತಲೆಯ ಕೊಟ್ಟಿಗೆಯಲ್ಲಿಟ್ಟು, ಹಗಲನ್ನು ಕೃತಕವಾಗಿ ಕಿರಿದುಮಾಡಿದಾಗ ಅವು ಹೂ ಬಿಟ್ಟವು. ಈ ಸಂಗತಿಯನ್ನು ಅವರು ೧೯೨೦ರಲ್ಲಿ ಪ್ರಕಟಿಸಿದರು. ತರುವಾಯ ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಸಸ್ಯವು ನಿಜವಾಗಿ ಲೆಕ್ಕವಿಡುವುದು ಎಡೆಬಿಡದ ಕತ್ತಲೆಯನ್ನೆಂದೂ, ದೀರ್ಘವಾದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಆ ಲೆಕ್ಕವು ಕೆಡುವುದೆಂದೂ ತೋರಿಸಿದರು. ೧೯೫೨ರಲ್ಲಿ ಬೆಲ್ಟ್ಸ್‌ವಿಲ್ ಎಂಬಲ್ಲಿ ಬೋರ್ತ್‌ವಿಕ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ನಡೆಸಿ, ಕೆಂಪು ಬೆಳಕು ಬೀಜವನ್ನು ಮೊಳೆಯಿಸುವುದೆಂದೂ, ಅದಕ್ಕಿಂತ ಆಚೆಯ ೭೩೦ರ ಅಳತೆಯ ಕಡುಗೆಂಪು ಆ ಪರಿಣಾಮವನ್ನು ಅಳಿಸಿಬಿಡುವುದೆಂದೂ ಸ್ಥಾಪಿಸಿದರು. ಹೊಗೆಸೊಪ್ಪಿನ ಅನೇಕ ತಳಿಗಳ ಬೀಜಕ್ಕೂ ಮೊಳೆಯಲು ಬೆಳಕು ಬೇಕು. ಒಟ್ಟಲು ಪಾತಿಯಲ್ಲಿ ಆ ಬೀಜವನ್ನು ಆಳವಾಗಿ ಹೂಳದೆ ಮೇಲುಮೇಲೆ ಚೆಲ್ಲುವ ವಾಡಿಕೆಗೆ ಬೀಜದ ಅತಿಸೂಕ್ಷ್ಮ ಗಾತ್ರದೊಡನೆ ಇದೂ ಒಂದು ಸಮರ್ಥನೆಯಾಗಿದೆ.

ಕೆಂಪೆಂದರೆ ಒಂದೇ ಕೆಂಪಲ್ಲವೆಂಬುದನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು. ೬೬೦ರ ಕೆಂಪು ಮಾಡಿದ ಕೆಲಸವನ್ನು ೭೩೦ರ ಕಡುಗೆಂಪು ಹಾಳುಮಾಡಬಲ್ಲದು. ದೀಪವು ಕೆಂಪಗೆ ಕಂಡ ಮಾತ್ರಕ್ಕೆ ಅದು ಬೇಕಾದ ದೀಪವೆಂದು ಹೇಳಲಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಇದರ ಉಪಯೋಗವೆಲ್ಲಿ?

ಬಯಲಿನ ಬೆಳೆಗೆ ದೀಪವನ್ನು ಹಾಕುವ ಮಾತನ್ನು ಯಾರಾದರೂ ಆಡಿದರೆ ಅದಕ್ಕೆ ಕಿವಿಗೊಡಕೂಡದು. ನಡುಹಗಲಿನ ಬಿಸಿಲು ಚದರ ಮೀಟರೊಂದಕ್ಕೆ ಸುಮಾರು ೧೦೦೦ ವಾಟ್ ಶಕ್ತಿಯನ್ನು ಸುರಿಸುತ್ತದೆ. ಒಂದು ಗುಂಟೆಯು ಸುಮಾರು ೧೦೧ ಚದರ ಮೀಟರಾದುದರಿಂದ, ಗುಂಟೆ ನೆಲಕ್ಕೆ ಒಂದು ಲಕ್ಷ ವಾಟ್ ಶಕ್ತಿಯು ಬಿಟ್ಟಿಯಾಗಿಯೇ ದೊರೆಯುತ್ತದೆ. ಇದಕ್ಕೆ ಸರಿಗಟ್ಟುವ ದೀಪವನ್ನು ಹಿಡಿಯುವ ಶ್ರೀಮಂತರು ಯಾರೂ ಇಲ್ಲ. ಹೊಗೆಸೊಪ್ಪಿನ ಸಸಿಗಳನ್ನು ಬೆಳೆಸುವ ಕಾಲವು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೇಸಗೆ. ಆಗ ಬಿಸಿಲು ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದ್ದು, ಪಾತಿಗೆ ನೆರಳನ್ನು ಒದಗಿಸುವುದೇ ಕಷ್ಟವಾಗಿರುತ್ತದೆ. ಆ ಕೆಲಸಕ್ಕೂ ದೀಪವು ಅನಾವಶ್ಯಕ.

ಉಪಯೋಗವಾಗಬಹುದಾದ ಸಂದರ್ಭಗಳು ಮೂರು.

ಮೊದಲನೆಯದು ಸೇವಂತಿಗೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಗಳಲ್ಲಿ ಸೇವಂತಿಗೆಯ ತೋಟಗಳಲ್ಲಿ ರಾತ್ರಿ ಹೊತ್ತು ಸಾಲುಸಾಲಾಗಿ ದೀಪ ಉರಿಸುವುದನ್ನು ಅನೇಕರು ಕಂಡಿರಬಹುದು. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮೊಗ್ಗು ಹಿಡಿಯುವ ಜಾತಿ. ಅದರ ಅನೇಕ ತಳಿಗಳಿಗೆ ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಿರಿದಾದರೆ ಸಾಕು, ಮೊಗ್ಗು ಮೂಡುತ್ತದೆ. ಮೈಸೂರು ಸೀಮೆಯಲ್ಲಿ ವರ್ಷದ ಅತಿ ದೀರ್ಘವಾದ ಹಗಲೂ ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆಯೇ. ಆದಕಾರಣ ಗಿಡವು ಎತ್ತರಕ್ಕೆ ಏಳುವುದಕ್ಕೆ ಮುಂಚೆಯೇ ಮೊಗ್ಗಾಗಿ, ಕಡ್ಡಿ ಗಿಡ್ಡವಾಗಿ, ಹೂವು ಬೆಲೆಯಿಲ್ಲದ ದಿನಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ನಾಟಿಯಾದ ಮೇಲೆ ಕೆಲವು ವಾರಗಳ ಕಾಲ ನಡುರಾತ್ರಿಯಲ್ಲಿ ಮೂರು ನಾಲ್ಕು ಗಂಟೆ ದೀಪವನ್ನು ಉರಿಸಿದರೆ ಗಿಡವು ಎಲೆ ಬಿಡುತ್ತ ಬೆಳೆಯುತ್ತದೆ. ದೀಪವನ್ನು ನಿಲ್ಲಿಸಿದ ಮೇಲೆ ಮೊಗ್ಗಾಗಿ ಎರಡು ತಿಂಗಳ ಆಸುಪಾಸಿನಲ್ಲಿ ಹೂ ಕೊಡುತ್ತದೆ. ಜೂನ್ ತಿಂಗಳಲ್ಲಿ ನಾಟಿ ಮಾಡಿ, ದೀಪ ನಿಲ್ಲಿಸುವ ದಿನವನ್ನು ಲೆಕ್ಕಹಾಕಿಕೊಂಡರೆ ಮೈಸೂರಿನ ಆಯುಧಪೂಜೆಯ ಮಾರುಕಟ್ಟೆಗೆ ಹೂವನ್ನು ಸರಿಯಾಗಿ ಒದಗಿಸಬಹುದು. ಇದಕ್ಕೆ ಬೇಕಾದ ಬೆಳಕು ಅತ್ಯಲ್ಪ. ಬಿಸಿಲು ಒಂದು ಲಕ್ಷ ಲಕ್ಸ್ ಇದ್ದರೆ ಇದಕ್ಕೆ ನೂರು ಲಕ್ಸ್ ಸಾಕು. ಆದರೆ ಆ ಅಲ್ಪವು ತಪ್ಪದೆ ಗಿಡವನ್ನು ಮುಟ್ಟಬೇಕು. ಸಾಲಿನ ಕೊನೆಯ ಗಿಡಗಳಿಗೆ ಕೆಂಪು ಸಾಲದೆ ಹೋದರೆ ಅಲ್ಲಿ ಅಕಾಲದಲ್ಲಿ ಮೊಗ್ಗಾಗಿ ತೋಟವು ಎರಡು ತೆರನಾಗುತ್ತದೆ.

ಎರಡನೆಯದು ಅಂಗಾಂಶ ಕೃಷಿಯ ಕೊಠಡಿ. ಹುಣಸೂರು ಮತ್ತು ಪಿರಿಯಾಪಟ್ಟಣಗಳಲ್ಲಿ ಶುಂಠಿಯ ಕೊಳೆರೋಗವು ಎಷ್ಟು ಸಂಸಾರಗಳನ್ನು ಸಾಲದಲ್ಲಿ ಕೆಡವಿದೆಯೆಂಬುದನ್ನು ತಮಗೆ ಹೇಳಬೇಕಾದುದಿಲ್ಲ. ರೋಗವಿಲ್ಲದ ಬಿತ್ತನೆಯನ್ನು ಪಡೆಯುವ ಮಾರ್ಗಗಳಲ್ಲಿ ಅಂಗಾಂಶ ಕೃಷಿಯೂ ಒಂದು. ಅಲ್ಲಿ ಸಸಿಗಳು ಬಾಟಲಿಗಳಲ್ಲಿ, ಅಂತಸ್ತಿನ ಮೇಲೆ ಅಂತಸ್ತಾಗಿರುವ ಹಲಗೆಗಳ ಮೇಲೆ, ಸುಮಾರು ೨೫ ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿ, ದಿನಕ್ಕೆ ಹದಿನಾರು ಗಂಟೆ ದೀಪದ ಬೆಳಕಿನಲ್ಲಿಯೇ ಬೆಳೆಯುತ್ತವೆ. ಇಲ್ಲಿ ದೀಪದ ಕಾವು ಎರಡು ಸಾರಿ ದಂಡ ವಿಧಿಸುತ್ತದೆ. ಕಾವಾಗಿ ಹೋದ ವಿದ್ಯುತ್ತಿಗೆ ಒಮ್ಮೆ ಹಣ. ಆ ಕಾವನ್ನು ಹೊರಹಾಕುವ ತಂಪುಯಂತ್ರಕ್ಕೆ ಮತ್ತೊಮ್ಮೆ ಹಣ.

ಮೂರನೆಯದು ಜುಲೈ ಆಗಸ್ಟ್ ತಿಂಗಳುಗಳ ಮೋಡದಲ್ಲಿ ಟೊಮ್ಯಾಟೊ, ಕೋಸು, ಮೆಣಸಿನ ಸಸಿಗಳನ್ನು ಬೆಳೆಸುವ ನೆರಳುಮನೆ ಮತ್ತು ಪಾಲಿಮನೆಗಳು. ಕೋಟೆಯ ಕಾಡಂಚಿನ ಗ್ರಾಮಗಳಲ್ಲಿ ಈ ಕಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದೆ ಸಸಿಗಳು ಬಿಳಿಚಿಕೊಂಡು ಉದ್ದಕ್ಕೆ ಎಳೆಯುವುದುಂಟು. ಆದರೆ ಇಲ್ಲಿಯೂ ದೀಪವನ್ನು ಕೊಳ್ಳುವುದಕ್ಕೆ ಮುಂಚೆ ಮಾಡಿನ ಹಾಳೆಯ ಮೇಲೆ ಕುಳಿತ ಧೂಳನ್ನೂ ಪಾಚಿಯನ್ನೂ ತೊಳೆದು ನೋಡುವುದು ಯುಕ್ತ. ನೀರಿನಿಂದ ಬರುವ ಬೆಳಕನ್ನು ವಿದ್ಯುತ್ತಿನಿಂದ ಕೊಳ್ಳುವುದು ಜಾಣತನವಲ್ಲ.

ದೀಪದೊಳಗಿನ ಪುಡಿ

ಎಲ್.ಇ.ಡಿ. ದೀಪದ ಹೃದಯವು ಎಳ್ಳಿನಷ್ಟು ಚಿಕ್ಕದಾದ ಒಂದು ಹರಳು. ಮನೆಗಳಲ್ಲಿ ಉರಿಯುವ ಸಾಮಾನ್ಯ ಬಿಳಿ ದೀಪದಲ್ಲಿ ಈ ಹರಳು ನೀಲಿಯ ಬೆಳಕನ್ನು ಕೊಡುತ್ತದೆ. ಈ ನೀಲಿ ಹರಳನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೋ ಮತ್ತು ನಾಕಾಮುರಾ ಅವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನೀಲಿಯ ಹರಳಿನ ಮೇಲೆ ಫಾಸ್ಫರ್ ಎಂಬ ಪುಡಿಯನ್ನು ಲೇಪಿಸುತ್ತಾರೆ. ಈ ಪುಡಿಯು ನೀಲಿಯನ್ನು ನುಂಗಿ ಹಳದಿಯನ್ನಾಗಲಿ ಕೆಂಪನ್ನಾಗಲಿ ಉಗುಳುತ್ತದೆ. ಫಾಸ್ಫರೆಂದರೆ ನಾವು ಗೊಬ್ಬರದಲ್ಲಿ ಹಾಕುವ ರಂಜಕವೆಂದು ಯಾರೂ ಭ್ರಮಿಸಬಾರದು. ಹೆಸರು ಸಮೀಪವಾದರೂ ವಸ್ತುಗಳು ಬೇರೆ. ಸಸ್ಯದೀಪದಲ್ಲಿ ಕೆಂಪನ್ನು ಕೊಡುವ ಪುಡಿಗಳಲ್ಲಿ ಮುಖ್ಯವಾದವು ಎರಡು ವರ್ಗ. ಒಂದರಲ್ಲಿ ಯೂರೋಪಿಯಂ ಎಂಬ ವಿರಳವೂ ದುಬಾರಿಯೂ ಆದ ಧಾತುವಿದೆ. ಮತ್ತೊಂದರಲ್ಲಿ ನಮ್ಮ ಸಂಡೂರಿನ ಗಣಿಗಳಲ್ಲಿಯೂ ಅದಿರಾಗಿ ದೊರೆಯುವ ಮ್ಯಾಂಗನೀಸ್ ಇದೆ.

ಈಗ ಕಾವಿನ ವಿಷಯ. ಹರಳಿಗೆ ಕೊಟ್ಟ ವಿದ್ಯುತ್ತೆಲ್ಲವೂ ಬೆಳಕಾಗುವುದಿಲ್ಲ; ಒಂದು ದೊಡ್ಡ ಪಾಲು ಕಾವಾಗುತ್ತದೆ. ಇದಲ್ಲದೆ ೪೫೦ರ ನೀಲಿಯನ್ನು ೬೫೦ರ ಕೆಂಪಾಗಿ ಮಾರ್ಪಡಿಸುವಾಗ ಶಕ್ತಿಯಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲು ಪುಡಿಯಲ್ಲಿಯೇ ಕಾವಾಗಿ ನಿಲ್ಲುತ್ತದೆ. ಹೀಗೆ ಪುಡಿಗೆ ಹೊರಗಿನಿಂದಲೂ ಕಾವು, ಒಳಗಿನಿಂದಲೂ ಕಾವು. ಬ್ಯಾರನ್‌ನಲ್ಲಿ ಸೊಪ್ಪನ್ನು ಹದ ಮಾಡುವವರು ಹಳದಿಗೆ ತಿರುಗಿಸುವಾಗ ಸುಮಾರು ೯೦ ಡಿಗ್ರಿ ಫ್ಯಾರನ್‌ಹೀಟಿನಿಂದ ಆರಂಭಿಸಿ ದಂಟು ಒಣಗಿಸುವಾಗ ೧೬೦ರವರೆಗೆ ಏರಿಸುವರಷ್ಟೆ. ಪ್ರಬಲವಾದ ದೀಪದೊಳಗಿನ ಪುಡಿಯು ೧೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ, ಎಂದರೆ ಬ್ಯಾರನ್ನಿನ ಲೆಕ್ಕದಲ್ಲಿ ಸುಮಾರು ೩೦೦ ಡಿಗ್ರಿಯವರೆಗೆ ಕಾಯಬಹುದು. ಇದೇ ಕಾರಣದಿಂದ ಪ್ರಯೋಗಶಾಲೆಗಳಲ್ಲಿ ಪುಡಿಯ ಬೆಳಕನ್ನು ಕೊಠಡಿಯ ತಂಪಿನಲ್ಲಿ ಒಮ್ಮೆ, ೧೫೦ ಡಿಗ್ರಿಯಲ್ಲಿ ಒಮ್ಮೆ ಅಳೆದು ಹೋಲಿಸುವ ಪದ್ಧತಿಯಿದೆ.

ಕಾವಿನಲ್ಲಿ ಬೆಳಕು ಏಕೆ ಕುಂದುವುದೆಂಬುದನ್ನು ಕಾವೇರಿಯ ನಾಲೆಗಳ ಕೆಳಗೆ ಗದ್ದೆ ಮಾಡುವವರು ಸುಲಭವಾಗಿ ತಿಳಿಯಬಹುದು. ಪುಡಿಯೊಳಗೆ ಸೇರಿದ ಶಕ್ತಿಯು ನಾಲೆಯ ನೀರಿನಂತೆ. ಏರಿಯು ಗಟ್ಟಿಯಾಗಿರುವವರೆಗೆ ನೀರು ಗದ್ದೆಗೆ ಹೋಗುತ್ತದೆ. ಎಂದರೆ ಶಕ್ತಿಯು ಕೆಂಪು ಬೆಳಕಾಗಿ ಹೊರಬೀಳುತ್ತದೆ. ಕಾವು ಹೆಚ್ಚಿದಂತೆ ಪುಡಿಯ ಕಣಗಳು ಅದುರತೊಡಗಿ ಏರಿಯು ಸಡಿಲವಾಗುತ್ತದೆ, ಶಕ್ತಿಯು ಏರಿಯನ್ನು ಹಾರಿ ಸೋರಿ ಬರಿಯ ಕಾವಾಗಿಬಿಡುತ್ತದೆ. ಸೋರಿದ ಶಕ್ತಿಯು ಪುಡಿಯನ್ನು ಇನ್ನಷ್ಟು ಕಾಯಿಸುವುದರಿಂದ ಒಂದು ನಷ್ಟವು ಮತ್ತೊಂದು ನಷ್ಟಕ್ಕೆ ಹೆತ್ತ ತಾಯಿಯಾಗುತ್ತದೆ. ದೀಪವು ತಣ್ಣಗಾದರೆ ಈ ಬಗೆಯ ಕುಂದು ಮತ್ತೆ ತುಂಬಿಕೊಳ್ಳುತ್ತದೆ. ಆದರೆ ತೇವದಿಂದಲೂ ದೀರ್ಘಕಾಲದ ಕಾವಿನಿಂದಲೂ ಪುಡಿಯೇ ಕೆಟ್ಟುಹೋದರೆ ಆ ನಷ್ಟವು ಶಾಶ್ವತ. ಈ ಎರಡನ್ನೂ ಬೇರೆಬೇರೆಯಾಗಿ ಗಮನಿಸಬೇಕು.

ಕಣ್ಣು ಇಲ್ಲಿ ಸಾಕ್ಷಿಯಲ್ಲ

ಕುಂದಿದರೆ ಕಣ್ಣಿಗೆ ಕಾಣುವುದಿಲ್ಲವೇ ಎಂದು ಕೇಳಬಹುದು. ಮನುಷ್ಯನ ಕಣ್ಣು ಹಳದಿಮಿಶ್ರಿತ ಹಸಿರನ್ನು ಅತ್ಯಂತ ಚೆನ್ನಾಗಿ ಕಾಣುತ್ತದೆ. ೬೬೦ರ ಕೆಂಪನ್ನು ಅದರ ನೂರರಲ್ಲಿ ಆರು ಪಾಲಿನಷ್ಟು ಮಾತ್ರ ಕಾಣುತ್ತದೆ. ಬಿಳಿಯೂ ಕೆಂಪೂ ಬೆರೆತ ದೀಪದಲ್ಲಿ ಕೆಂಪು ಅರ್ಧಕ್ಕೆ ಇಳಿದರೂ ದೀಪವು ಹಿಂದಿನಂತೆಯೇ ಬೆಳಗುತ್ತಿರುವಂತೆ ನಮಗೆ ತೋರುತ್ತದೆ. ಗಿಡಕ್ಕೆ ಮಾತ್ರ ಅದು ಅರೆಹೊಟ್ಟೆ. ಸಾಮಾನ್ಯ ಲಕ್ಸ್ ಮಾಪಕವೂ ಮನುಷ್ಯನ ಕಣ್ಣನ್ನೇ ಅನುಸರಿಸಿ ಮಾಡಿದ್ದಾದುದರಿಂದ ಅದೂ ಹೀಗೆಯೇ ಮೋಸಹೋಗುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ತೋಟವೊಂದಕ್ಕೆ ನೂರು ದೀಪಗಳು ಬೇಕೆಂದು ಲೆಕ್ಕಹಾಕಿ ಕೊಂಡರೆಂದು ಇಟ್ಟುಕೊಳ್ಳಿ. ಕಾದ ಮೇಲೆ ಕೆಂಪು ಅರ್ಧಕ್ಕೆ ಇಳಿಯುವ ಪುಡಿಯು ಅವುಗಳಲ್ಲಿದ್ದರೆ ಕೊಟ್ಟ ಬೆಲೆ ನೂರು ದೀಪಕ್ಕೆ, ಕಟ್ಟುವ ವಿದ್ಯುತ್ ಶುಲ್ಕ ನೂರು ದೀಪಕ್ಕೆ, ಪಡೆದ ಕೆಲಸ ಐವತ್ತು ದೀಪದ್ದು. ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಸೇವಂತಿಗೆಯು ಅಕಾಲದಲ್ಲಿ ಮೊಗ್ಗಾದರೆ ನಾಟಿ, ಗೊಬ್ಬರ, ಕೂಲಿಗಳೆಲ್ಲವೂ ನೀರಿನ ಪಾಲು. ಹೊಗೆಸೊಪ್ಪನ್ನು ಬಿಟ್ಟು ಹೊಸ ಬೆಳೆಗೆ ಕೈಹಾಕಿದ ಸಣ್ಣ ಹಿಡುವಳಿದಾರನು ಮೊದಲ ವರ್ಷವೇ ಇಂತಹ ಪೆಟ್ಟು ತಿಂದರೆ ಮತ್ತೆ ಆ ಕಡೆ ತಿರುಗಿ ನೋಡಲಾರನು. ಅವನನ್ನು ಕಂಡು ಊರಿನ ಉಳಿದವರೂ ಹಿಂಜರಿಯುವರು. ಒಂದು ಕೆಟ್ಟ ದೀಪದಿಂದ ಒಂದು ಒಳ್ಳೆಯ ಉದ್ಯೋಗಕ್ಕೇ ಅಪಕೀರ್ತಿ ಬರುವುದೆಂಬುದು ನಮ್ಮ ಮುಖ್ಯವಾದ ಭಯ.

ಪುಡಿಯನ್ನು ಸುಧಾರಿಸುವ ಮಾರ್ಗಗಳು

ಕಾವಿಗೆ ಅಂಜದ ಕೆಂಪು ಪುಡಿಯನ್ನು ತಯಾರಿಸಲು ಜಗತ್ತಿನಾದ್ಯಂತ ಪ್ರಯತ್ನಗಳು ನಡೆಯುತ್ತಿವೆ. ಅವುಗಳ ಸಾರಾಂಶವನ್ನು ತಿಳಿದಿದ್ದರೆ ಮಾರಾಟಗಾರರ ಮಾತಿನಲ್ಲಿ ಕಾಳಾವುದು ಜೊಳ್ಳಾವುದು ಎಂಬುದನ್ನು ಕೇರಿಕೊಳ್ಳಬಹುದು.

ಮೊದಲನೆಯ ಮಾರ್ಗವು ಪುಡಿಯ ಹರಳಿನ ಕಟ್ಟಡವನ್ನೇ ಬಿಗಿಯಾಗಿ ಮಾಡುವುದು. ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಸಾರಜನಕಗಳು ಬೆಸೆದುಕೊಂಡ ನೈಟ್ರೈಡ್ ಕಟ್ಟಡದಲ್ಲಿ ಯೂರೋಪಿಯಂ ಅನ್ನು ಕೂರಿಸಿದ ಪುಡಿಯೊಂದನ್ನು ಜಪಾನಿನ ವಿಜ್ಞಾನಿಗಳು ೨೦೦೬ರಲ್ಲಿ ವರ್ಣಿಸಿದರು. ಅದು ೬೫೦ರ ಸುತ್ತಿನ ಕೆಂಪನ್ನು ಬೀರುವುದಲ್ಲದೆ ೧೫೦ ಡಿಗ್ರಿಯಲ್ಲಿಯೂ ಹತ್ತರಲ್ಲಿ ಎಂಟು ಪಾಲಿಗೂ ಮೀರಿ ಬೆಳಕನ್ನು ಉಳಿಸಿಕೊಳ್ಳುತ್ತದೆ. ಆದರೆ ಅದನ್ನು ಸಾರಜನಕದ ಆವರಣದಲ್ಲಿ ಅತ್ಯುಗ್ರವಾದ ಕಾವಿನಲ್ಲಿ ಬೇಯಿಸಬೇಕಾದುದರಿಂದ ಬೆಲೆ ಅಧಿಕ.

ಎರಡನೆಯ ವರ್ಗವು ಮ್ಯಾಂಗನೀಸಿನ ಆಕ್ಸೈಡ್ ಪುಡಿಗಳು. ಇವನ್ನು ಸಾಮಾನ್ಯ ಗಾಳಿಯಲ್ಲಿಯೇ ಬೇಯಿಸಬಹುದು, ಬೆಲೆಯೂ ಹಗುರ. ಸಸ್ಯಕ್ಕೆ ಬೇಕಾದ ೬೫೦ರಿಂದ ಮೇಲಿನ ಗಾಢವಾದ ಕೆಂಪೂ ಇವುಗಳಲ್ಲಿ ದೊರೆಯುತ್ತದೆ. ಇವುಗಳ ದೊಡ್ಡ ದೋಷವೇ ಕಾವು. ಇವುಗಳಲ್ಲಿ ಅನೇಕವು ೧೫೦ ಡಿಗ್ರಿಯಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಬೆಳಕನ್ನು ಕಳೆದುಕೊಳ್ಳುತ್ತವೆ. ಕಟ್ಟಡದ ಕೆಲವು ಅಣುಗಳ ಜಾಗದಲ್ಲಿ ಸರಿಯಾದ ಗಾತ್ರದ ಬೇರೆ ಅಣುಗಳನ್ನು ಕೂರಿಸಿ ಬಿಗಿ ಹೆಚ್ಚಿಸುವುದರಿಂದಲೂ, ವಿದ್ಯುದಂಶದ ಏರುಪೇರನ್ನು ಸರಿದೂಗಿಸುವ ಲವಣಗಳನ್ನು ಸೇರಿಸುವುದರಿಂದಲೂ, ಮ್ಯಾಂಗನೀಸನ್ನು ಮಿತವಾಗಿ ಬಳಸುವುದರಿಂದಲೂ ಈ ದೋಷವನ್ನು ತಗ್ಗಿಸುತ್ತಾರೆ. ಮ್ಯಾಂಗನೀಸಿನ ಪ್ರಮಾಣವು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಅತಿಯಾಗಿ ಹಾಕಿದ ಗೊಬ್ಬರವು ಬೆಳೆಯನ್ನು ಸುಡುವಂತೆ, ಅತಿಯಾಗಿ ಹಾಕಿದ ಮ್ಯಾಂಗನೀಸ್ ತನ್ನ ಬೆಳಕನ್ನು ತಾನೇ ನಂದಿಸಿಕೊಳ್ಳುತ್ತದೆ. ಈ ವರ್ಗದ ಕೆಲವು ಪುಡಿಗಳ ಬೆಳಕು ೭೦೦ನ್ನು ದಾಟಿ ಕಡುಗೆಂಪಿಗೆ ಹೋಗುವುದರಿಂದ ಸೇವಂತಿಗೆಯ ತೋಟಕ್ಕೆ ಅವು ಹೊಂದುವುದಿಲ್ಲ.

ಮ್ಯಾಂಗನೀಸಿನದೇ ಆದ ಫ್ಲೋರೈಡ್ ಪುಡಿಯೂ ಒಂದುಂಟು. ೬೩೧ರಲ್ಲಿ ತೀಕ್ಷ್ಣವಾದ ಕೆಂಪನ್ನು ಕೊಡುವ ಇದು ಕಾವನ್ನು ಚೆನ್ನಾಗಿ ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ನಮ್ಮ ಮುಂಗಾರಿನಲ್ಲಿ ಹೊರಗೆ ತೂಗುವ ದೀಪಕ್ಕೆ ಇದನ್ನು ಬಳಸುವುದಾದರೆ ಕಣಗಳಿಗೆ ರಕ್ಷಣೆಯ ಹೊದಿಕೆಯೂ ದೀಪಕ್ಕೆ ನೀರಿಳಿಯದ ಮುಚ್ಚಳವೂ ಅವಶ್ಯ. ಇಲ್ಲಿಯೇ ಒಂದು ತೊಡಕಿದೆ. ನೀರಿಳಿಯದಂತೆ ಬಿಗಿದ ದೀಪದಿಂದ ಕಾವೂ ಹೊರಗೆ ಹೋಗಲಾರದು.

ಮೂರನೆಯ ಮಾರ್ಗವು ಪುಡಿಯನ್ನು ಹಿಡಿದಿಡುವ ಅಂಟನ್ನು ಬದಲಿಸುವುದು. ರೂಢಿಯಲ್ಲಿರುವ ಸಿಲಿಕೋನ್ ಅಂಟು ಕಾವನ್ನು ಸುಲಭವಾಗಿ ಸಾಗಿಸದು, ಕಾಲಕ್ರಮದಲ್ಲಿ ಹಳದಿಗಟ್ಟುವುದೂ ಉಂಟು. ಅದರ ಬದಲು ಪುಡಿಯನ್ನು ಗಾಜಿನಲ್ಲಿಯೋ ಪಿಂಗಾಣಿಯಂತಹ ಬಿಲ್ಲೆಯಲ್ಲಿಯೋ ಸೇರಿಸಿದರೆ ಕಾವು ಬೇಗನೆ ಹರಿದುಹೋಗುತ್ತದೆ. ಪುಡಿಯ ಬಿಲ್ಲೆಯನ್ನು ಹರಳಿನಿಂದ ಸ್ವಲ್ಪ ದೂರದಲ್ಲಿಡುವುದೂ, ಹಿಂಬದಿಯಲ್ಲಿ ದಪ್ಪವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಜೋಡಿಸುವುದೂ ಇದೇ ಉದ್ದೇಶಕ್ಕಾಗಿ.

ಪುಡಿಯ ಗೊಡವೆಯೇ ಬೇಡ, ಕೆಂಪನ್ನು ನೇರವಾಗಿ ಕೊಡುವ ಹರಳನ್ನೇ ಬಳಸೋಣವೆಂದು ಕೆಲವರು ವಾದಿಸುವರು. ಅಂತಹ ದೀಪಗಳು ಬಳಕೆಯಲ್ಲಿವೆ, ಒಳ್ಳೆಯವೂ ಇವೆ. ಆದರೆ ಆ ಕೆಂಪು ಹರಳು ನೀಲಿ ಹರಳಿಗಿಂತಲೂ ಕಾವಿಗೆ ಬೇಗ ಸೋಲುತ್ತದೆ. ಆದುದರಿಂದ ಯಾವ ಬಗೆಯ ದೀಪವಾದರೂ ಕೇಳಬೇಕಾದ ಪ್ರಶ್ನೆಯು ಒಂದೇ: ಕಾದ ಮೇಲೆ ಕೆಂಪು ಎಷ್ಟು?

ನಮ್ಮ ನಾಡಿನಲ್ಲಿ ಇರುವ ಅನುಕೂಲ

ಈ ವಿದ್ಯೆಯೆಲ್ಲವೂ ಪರದೇಶದ್ದೆಂದು ಭಾವಿಸಬೇಕಾದುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಸಿ. ಪಾಟೀಲರು ತಮ್ಮ ಸಹಕಾರಿಯೊಡನೆ ೧೯೮೮ರಲ್ಲಿ ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ಲೋಹಗಳ ನೈಟ್ರೇಟ್ ಲವಣಗಳನ್ನು ಯೂರಿಯಾದೊಡನೆ ನೀರಿನಲ್ಲಿ ಕರಗಿಸಿ ೫೦೦ ಡಿಗ್ರಿಯ ಕುಲುಮೆಯಲ್ಲಿಟ್ಟರೆ, ಅದು ಕುದಿದು ನೊರೆಯೆದ್ದು ತಾನಾಗಿ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ನುಣುಪಾದ ಆಕ್ಸೈಡ್ ಪುಡಿಯಾಗಿ ನಿಲ್ಲುತ್ತದೆ. ನಾವು ಗದ್ದೆಗೆ ಎರಚುವ ಯೂರಿಯಾವೇ ಇಲ್ಲಿ ಸೌದೆ. ಈ ವಿಧಾನದಿಂದ ದೀಪದ ಫಾಸ್ಫರ್ ಪುಡಿಗಳನ್ನೂ ಅವರ ಸಂಸ್ಥೆಯಲ್ಲಿ ತಯಾರಿಸಿದರು. ಇಂದು ಲೋಕದ ಅನೇಕ ದೇಶಗಳಲ್ಲಿ ಇದು ಬಳಕೆಯಲ್ಲಿದೆ. ಇಂತಹ ವಿದ್ಯೆ ಹುಟ್ಟಿದ ನಾಡಿನ ವಿಶ್ವವಿದ್ಯಾನಿಲಯಗಳ ರಸಾಯನ ಮತ್ತು ಭೌತ ವಿಭಾಗಗಳು ಕೃಷಿ ಹಾಗೂ ತೋಟಗಾರಿಕೆಯ ವಿಶ್ವವಿದ್ಯಾನಿಲಯಗಳೊಡನೆ ಕೈಗೂಡಿಸಿದರೆ, ಏಪ್ರಿಲ್ ತಿಂಗಳ ೩೫ ಡಿಗ್ರಿಯ ಹಗಲಿಗೂ ಕೋಟೆಯ ಮಳೆಗಾಲದ ತೇವಕ್ಕೂ ತಕ್ಕ ಪುಡಿಯನ್ನು ನಮ್ಮಲ್ಲಿಯೇ ಪರೀಕ್ಷಿಸಿ ಆರಿಸಿಕೊಳ್ಳುವುದು ಅಸಾಧ್ಯವಾಗಲಾರದು. ಪ್ರಯೋಗಶಾಲೆಯಲ್ಲಿ ಒಣಗಾಳಿಯಲ್ಲಿ ಬರೆದುಕೊಂಡ ಅಂಕಿಯು ಪುಡಿಯ ಯೋಗ್ಯತೆಯನ್ನು ತಿಳಿಸುವುದೇ ಹೊರತು ನಮ್ಮ ತೋಟದಲ್ಲಿನ ದೀಪದ ಯೋಗ್ಯತೆಯನ್ನು ತಿಳಿಸುವುದಿಲ್ಲ.

ರೈತರು ತಾವೇ ಮಾಡತಕ್ಕ ಪರೀಕ್ಷೆ

ಕೊಳ್ಳುವುದಕ್ಕೆ ಮುಂಚೆ ಮಾರಾಟಗಾರರಿಂದ ಒಂದು ದೀಪವನ್ನು ಪರೀಕ್ಷೆಗಾಗಿ ತರಿಸಿಕೊಳ್ಳಬೇಕು. ರಾತ್ರಿ ಹೊತ್ತು, ಬೇರೆ ಬೆಳಕಿಲ್ಲದ ಕೊಠಡಿಯಲ್ಲಿ ಅದನ್ನು ತೂಗುಹಾಕಿ, ಮೂರಡಿ ಕೆಳಗೆ ಲಕ್ಸ್ ಮಾಪಕವನ್ನಿಟ್ಟು, ಮಾಪಕದ ಕಣ್ಣಿನ ಮೇಲೆ ಗಾಢವಾದ ಕೆಂಪು ಗಾಜನ್ನೋ ಛಾಯಾಗ್ರಾಹಕರು ಬಳಸುವ ಕೆಂಪು ಹಾಳೆಯನ್ನೋ ಮುಚ್ಚಬೇಕು. ಹೀಗೆ ಮಾಡಿದರೆ ಮಾಪಕಕ್ಕೆ ಕೆಂಪು ಮಾತ್ರ ತಲಪುತ್ತದೆ. ದೀಪ ಹೊತ್ತಿಸಿದ ಒಂದು ನಿಮಿಷದೊಳಗೆ ಒಂದು ಅಂಕಿಯನ್ನೂ, ದೀಪವನ್ನಾಗಲಿ ಮಾಪಕವನ್ನಾಗಲಿ ಕದಲಿಸದೆ ಒಂದು ಗಂಟೆಯ ತರುವಾಯ ಮತ್ತೊಂದು ಅಂಕಿಯನ್ನೂ ಬರೆದುಕೊಳ್ಳಬೇಕು. ವಿದ್ಯುತ್ತಿನ ಒತ್ತಡವು ಎರಡು ವೇಳೆಯಲ್ಲಿಯೂ ಸಮನಾಗಿರಬೇಕು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಅಂಕಿಯು ಮೊದಲನೆಯದಕ್ಕಿಂತ ಹತ್ತನೆಯ ಒಂದು ಪಾಲಿನೊಳಗೆ ಕಡಿಮೆಯಾದರೆ ದೀಪವು ಅಂಗೀಕಾರಾರ್ಹ. ಐದನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾದರೆ ತ್ಯಾಜ್ಯ. ಪಾಲಿಮನೆಯಲ್ಲಿ ಉಪಯೋಗಿಸತಕ್ಕ ದೀಪವನ್ನು ಪಾಲಿಮನೆಯ ಬೆಚ್ಚನೆಯ ಗಾಳಿಯಲ್ಲಿಯೇ ಪರೀಕ್ಷಿಸುವುದು ಇನ್ನೂ ಲೇಸು. ತಣ್ಣನೆಯ ಮೊದಲನೆಯ ಅಂಕಿಯನ್ನು ಜೋಪಾನವಾಗಿಟ್ಟುಕೊಂಡು ಪ್ರತಿ ಮಳೆಗಾಲದ ತರುವಾಯ ಅದೇ ದೀಪವನ್ನು ಮತ್ತೆ ಅಳೆದರೆ ಶಾಶ್ವತವಾದ ಕೆಡುಕು ಆಗಿದೆಯೇ ಎಂಬುದೂ ತಿಳಿಯುತ್ತದೆ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಗ್ರಾಮದಲ್ಲಿ ಹತ್ತು ಜನಕ್ಕೆ ದಾರಿ ತೋರಿಸುವ ಸ್ಥಾನದಲ್ಲಿರುವ ತಮ್ಮಿಂದ ಈ ಕೆಳಕಂಡ ಕಾರ್ಯಗಳು ನಡೆಯಬೇಕೆಂದು ಪ್ರಾರ್ಥಿಸುತ್ತೇವೆ.

೧. ದೀಪಗಳನ್ನು ಒಬ್ಬೊಬ್ಬರೇ ಕೊಳ್ಳದೆ ಸಹಕಾರ ಸಂಘದ ಮೂಲಕವಾಗಲಿ ರೈತ ಗುಂಪಿನ ಮೂಲಕವಾಗಲಿ ಒಟ್ಟಾಗಿ ಕೊಳ್ಳಬೇಕು. ನೂರು ದೀಪ ಕೊಳ್ಳುವವರ ಪ್ರಶ್ನೆಗೆ ಮಾರಾಟಗಾರನು ಉತ್ತರ ಕೊಡುವನು. ನಾಲ್ಕು ದೀಪ ಕೊಳ್ಳುವವನಿಗೆ ಕೊಡನು.

೨. ಕೆಂಪಿನ ಅಳತೆ ಎಷ್ಟು ನ್ಯಾನೋಮೀಟರು, ಕಾದ ಸ್ಥಿತಿಯಲ್ಲಿ ನೂರಕ್ಕೆ ಎಷ್ಟು ಕೆಂಪು ಉಳಿಯುತ್ತದೆ, ತೇವದಿಂದ ರಕ್ಷಣೆ ಹೇಗೆ, ಎಷ್ಟು ವರ್ಷದ ಹೊಣೆ ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

೩. ಮೊದಲ ವರ್ಷ ಒಂದೆರಡು ಗುಂಟೆಗೆ ಮೀರದಂತೆ ಪ್ರಯೋಗ ಮಾಡಿ, ದೀಪವಿಲ್ಲದ ಅಷ್ಟೇ ಜಾಗವನ್ನು ಪಕ್ಕದಲ್ಲಿ ಬಿಟ್ಟು ಫಲವನ್ನು ಹೋಲಿಸಿ ನೋಡಬೇಕು.

೪. ದೀಪಕ್ಕೆ ಕ್ರಮವಾದ ವಿದ್ಯುತ್ ಸಂಪರ್ಕವನ್ನು ಪಡೆದು, ಭೂಮಿಗೆ ತಂತಿ ಇಳಿಸಿ, ಒದ್ದೆ ನೆಲದಲ್ಲಿ ಓಡಾಡುವ ಕೂಲಿಯಾಳುಗಳ ಪ್ರಾಣರಕ್ಷಣೆಗೆ ಏರ್ಪಾಡು ಮಾಡದೆ ಸ್ವಿಚ್ಚನ್ನು ಮುಟ್ಟಕೂಡದು.

೫. ಬರಿಯ ನೇರಳೆ ಬಣ್ಣದ ದೀಪದಡಿಯಲ್ಲಿ ಎಲೆಯ ಚುಕ್ಕೆ ರೋಗಗಳು ಕಣ್ಣಿಗೆ ಬೀಳುವುದಿಲ್ಲ. ಸಸಿಗಳನ್ನು ದಿನವೂ ನೋಡಿಕೊಳ್ಳುವ ಜಾಗದಲ್ಲಿ ಬಿಳಿ ಬೆರೆತ ದೀಪವೇ ಮೇಲು.

ಸರ್ಕಾರದ ಇಲಾಖೆಗಳವರಲ್ಲಿಯೂ ಒಂದು ಮಾತನ್ನು ಅರಿಕೆ ಮಾಡುವುದು ಉಚಿತ. ಸಸ್ಯದೀಪಗಳಿಗೆ ಸಹಾಯಧನ ಕೊಡುವ ಸಂದರ್ಭ ಬಂದಾಗ, ಕಾದ ಸ್ಥಿತಿಯಲ್ಲಿನ ಕೆಂಪಿನ ಅಂಕಿಯಿಲ್ಲದ ದೀಪಕ್ಕೆ ಹಣ ಮಂಜೂರು ಮಾಡಕೂಡದೆಂಬ ನಿಬಂಧನೆಯನ್ನು ಸೇರಿಸುವುದು ಒಳ್ಳೆಯದು. ಪ್ರತಿ ತಾಲ್ಲೂಕಿನ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಮಾಪಕವನ್ನೂ ಒಂದು ಕೆಂಪು ಗಾಜನ್ನೂ ಇಟ್ಟರೆ ಅದಕ್ಕೆ ತಗಲುವ ವೆಚ್ಚವು ಒಬ್ಬ ರೈತನ ಒಂದು ಬೆಳೆಯ ನಷ್ಟಕ್ಕಿಂತ ಬಹಳ ಕಡಿಮೆ.

ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಂದಿನಿಂದ ಇಂದಿನವರೆಗೆ ಮೈಸೂರು ಸೀಮೆಯವರು ಹೊಸ ಉಪಕರಣಗಳಿಗೆ ಹೆದರಿದವರಲ್ಲ, ಅಳೆದು ನೋಡದೆ ನಂಬಿದವರೂ ಅಲ್ಲ. ಬ್ಯಾರನ್ನಿನಲ್ಲಿ ಉಷ್ಣಮಾಪಕವನ್ನು ನೋಡದೆ ಕಿಚ್ಚು ಹೆಚ್ಚಿಸುವ ಬೆಳೆಗಾರನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಿಕ್ಕುವುದಿಲ್ಲ. ಸೊಪ್ಪಿನ ಬಣ್ಣಕ್ಕಾಗಿ ಅವನು ತೋರಿಸುವ ಎಚ್ಚರಿಕೆಯನ್ನು ದೀಪದ ಬಣ್ಣಕ್ಕೂ ತೋರಿಸಿದರೆ ಈ ಹೊಸ ಸಾಧನವು ನಮ್ಮ ಸೇವೆಗೆ ನಿಲ್ಲುವುದು; ಇಲ್ಲವಾದರೆ ನಮ್ಮ ಹಣದಿಂದ ತಾನು ಮಾತ್ರ ಕಾದುಕೊಂಡು ಕುಳಿತಿರುವುದು.